ಅಪ್ಪನಿಗೆ ವೈರಲ್ ನ್ಯುಮೋನಿಯಾ, ಸ್ಟೆರಾಯ್ಡ್ ಶುರು ಮಾಡಿದ್ದಾರೆ. ಹೆದರಬೇಕಾ?

ನಿದ್ದೆಗೆಟ್ಟ ಮಗಳು · ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ಜ್ವರ ಶುರುವಾಗಿ ಇವತ್ತಿಗೆ ಹತ್ತು ದಿನ. ಮೊದಲ ಆರು ದಿನ ಬರೀ ಜ್ವರ, ಮೈಕೈ ನೋವು, ಒಣ ಕೆಮ್ಮು. ಏಳನೇ ದಿನ ಜ್ವರ ಇಳಿಯಿತು. ಗಂಡಾಂತರ ಕಳೆಯಿತು ಅಂದುಕೊಂಡೆವು. ಅದೇ ರಾತ್ರಿ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಆಕ್ಸಿಮೀಟರ್ ಹಾಕಿದರೆ 84. ಆದರೆ ಅವರು ಆರಾಮಾಗಿ ಕೂತು ಮಾತಾಡುತ್ತಿದ್ದರು. ಮಷೀನೇ ಕೆಟ್ಟಿರಬೇಕು ಅಂತ ನಾನು ನನ್ನ ಬೆರಳಿಗೂ ಹಾಕಿ ನೋಡಿಕೊಂಡೆ. 98 ಇತ್ತು.

ಈಗ ಐಸಿಯುನಲ್ಲಿದ್ದಾರೆ. ಕೋವಿಡ್ ಪಾಸಿಟಿವ್. ಮೂಗಿನ ಹೈ ಫ್ಲೋ ಆಕ್ಸಿಜನ್ ಮೇಲಿದ್ದಾರೆ. ಸಿಟಿ ಸ್ಕ್ಯಾನಿನಲ್ಲಿ ಎರಡೂ ಕಡೆ ಮಂಜು ಕವಿದ ಹಾಗೆ ಬಿಳಿ. ದಿನಕ್ಕೊಂದು ಸಲ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ 6 ಮಿ.ಗ್ರಾಂ ಇಂಜೆಕ್ಷನ್ ಕೊಡುತ್ತಿದ್ದಾರೆ. ನಿನ್ನೆ ಸಕ್ಕರೆ 380 ಮುಟ್ಟಿತು, ಇನ್ಸುಲಿನ್ ಶುರುವಾಯಿತು.

ಚಿಕ್ಕಪ್ಪ ಬೆಳಿಗ್ಗೆಯಿಂದ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದಾರೆ. "ಸ್ಟೆರಾಯ್ಡ್ ಅಂದರೆ ವಿಷ. ಮೈಯಲ್ಲಿ ವೈರಸ್ ಇರುವಾಗ ಇಮ್ಯುನಿಟಿ ಕಡಿಮೆ ಮಾಡುವ ಔಷಧಿ ಯಾಕೆ? ಬೇಡ ಅಂತ ಬರೆದುಕೊಡು." ಅವರ ಪ್ರಶ್ನೆ ನನಗೂ ಸರಿಯೆನಿಸುತ್ತಿದೆ. ಡಾಕ್ಟರ್ ಸಿಗುವುದು ದಿನಕ್ಕೆ ಐದು ನಿಮಿಷ. ಗೊತ್ತಿದ್ದವರು ಹೇಳಿ.

ರಾತ್ರಿ ಪಾಳಿ · ಸೋಮವಾರ, ರಾತ್ರಿ 12:20

ನಾನು ಐಸಿಯು ನರ್ಸ್. ಹನ್ನೊಂದು ವರ್ಷವಾಯಿತು. ಮೊದಲು ಸಕ್ಕರೆ ವಿಷಯ. ಡೆಕ್ಸಾ ಮೇಲಿರುವ ಶುಗರ್ ಪೇಷೆಂಟಿಗೆ 380 ಬರುವುದು ನಮಗೆ ದಿನಾ ಕಾಣುವ ಸಂಗತಿ. ಹಾಗಂತ ಸುಮ್ನೆ ಬಿಡುವಂಥದ್ದಲ್ಲ. ನಾಲ್ಕೋ ಆರೋ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಾರೆ, ಅದಕ್ಕೆ ತಕ್ಕಂತೆ ಇನ್ಸುಲಿನ್. ಡೆಕ್ಸಾ ನಿಂತ ಮೇಲೆ ಇನ್ಸುಲಿನ್ ಬೇಗ ಇಳಿಸಬೇಕಾಗುತ್ತದೆ. ಇಲ್ಲದಿದ್ದರೆ ಸಕ್ಕರೆ ಪಾತಾಳಕ್ಕೆ ಹೋಗುತ್ತದೆ. ಅದನ್ನು ಆ ದಿನ ನೆನಪಿಸಿ, ತಪ್ಪಿಲ್ಲ.

ನಾಳೆಯ ಐದು ನಿಮಿಷದಲ್ಲಿ ಇಷ್ಟು ಕೇಳಿ. ಹೈ ಫ್ಲೋ ಎಷ್ಟು ಲೀಟರ್, ಆಕ್ಸಿಜನ್ ಎಷ್ಟು ಪರ್ಸೆಂಟ್? ನಿನ್ನೆಗಿಂತ ಏರಿದೆಯೋ ಇಳಿದಿದೆಯೋ? ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ನಡೆಯುತ್ತಿದೆಯಾ? ಬೋರಲು ಮಲಗಿಸುತ್ತಿದ್ದಾರಾ? "ಹೇಗಿದ್ದಾರೆ" ಅಂತ ಕೇಳಿದರೆ "ಸ್ಟೇಬಲ್" ಅಂತಾರೆ. ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಎದೆಗೂಡು · ಮಂಗಳವಾರ, ಬೆಳಿಗ್ಗೆ 6:50

ನಾನು ಶ್ವಾಸಕೋಶದ ವೈದ್ಯ. ಇಲ್ಲಿ ಕೂತು ನಿಮ್ಮ ತಂದೆಗೆ ಏನು ಕೊಡಬೇಕು ಅಂತ ಹೇಳಲಾರೆ, ಅದು ಅಲ್ಲಿರುವವರ ಕೆಲಸ. ಆದರೆ ನಿಮ್ಮ ಚಿಕ್ಕಪ್ಪನ ಪ್ರಶ್ನೆ ಒಳ್ಳೆಯ ಪ್ರಶ್ನೆ. 2020ರ ಮೊದಲ ತಿಂಗಳುಗಳಲ್ಲಿ ನಾವೂ ಅದನ್ನೇ ಕೇಳಿಕೊಂಡಿದ್ದೆವು. ಆಗ ವಿಶ್ವ ಆರೋಗ್ಯ ಸಂಸ್ಥೆ ಕೂಡ ಮಾಮೂಲಾಗಿ ಸ್ಟೆರಾಯ್ಡ್ ಕೊಡಬೇಡಿ ಅಂದಿತ್ತು.

ನೀವು ಬರೆದ ದಿನಗಳ ಲೆಕ್ಕವನ್ನೇ ನೋಡಿ. ಮೊದಲ ಆರು ದಿನ ವೈರಸ್ಸಿನ ಆಟ. ಅದು ಜೀವಕೋಶದೊಳಗೆ ಹೊಕ್ಕು ತನ್ನ ಸಂಖ್ಯೆ ಬೆಳೆಸಿಕೊಳ್ಳುತ್ತದೆ. ಏಳನೇ ದಿನದ ಹೊತ್ತಿಗೆ ವೈರಸ್ ಇಳಿಮುಖವಾಗಿರುತ್ತದೆ. ಆದರೆ ಅದನ್ನು ಹಿಡಿಯಲು ಬಂದ ಸೈನ್ಯ ವಾಪಸ್ ಹೋಗುವುದಿಲ್ಲ. ಕಳ್ಳ ಓಡಿಹೋದ ಮೇಲೂ ಊರವರೆಲ್ಲ ಸೇರಿ ಅಟ್ಟ ಕೆದಕಿ, ಗೋಡೆ ಒಡೆದು ಹುಡುಕಿದ ಹಾಗೆ. ಮನೆ ಹಾಳಾಗುವುದು ಹುಡುಕಾಟದಿಂದ.

ಶ್ವಾಸಕೋಶದ ತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪರದೆ. ಉರಿಯೂತದಲ್ಲಿ ಆ ಪರದೆ ಸೋರುತ್ತದೆ. ಪ್ರೋಟೀನ್ ತುಂಬಿದ ನೀರು ಚೀಲದೊಳಗೆ ಬಂದು ಗಂಜಿಯ ಹಾಗೆ ಗೋಡೆಗೆ ಮೆತ್ತಿಕೊಳ್ಳುತ್ತದೆ. ಚೀಲ ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಅನ್ನುವ ಜಿಡ್ಡು ಕಡಿಮೆಯಾಗುತ್ತದೆ. ಗಾಳಿ ಬಂದರೂ ಆಕ್ಸಿಜನ್ ರಕ್ತಕ್ಕೆ ದಾಟುವುದಿಲ್ಲ. ಇದು ಜೋರಾದಾಗ ಅದಕ್ಕೆ ಎಆರ್‌ಡಿಎಸ್ ಅನ್ನುತ್ತೇವೆ. ಅಪಧಮನಿಯ ರಕ್ತದ ಆಕ್ಸಿಜನ್ ಒತ್ತಡವನ್ನು, ಕೊಡುತ್ತಿರುವ ಆಕ್ಸಿಜನ್ನಿನ ಪಾಲಿನಿಂದ ಭಾಗಿಸಿ ಬರುವ ಅಂಕಿ 300 ಅಥವಾ ಅದಕ್ಕಿಂತ ಕೆಳಗಿದ್ದರೆ ಎಆರ್‌ಡಿಎಸ್, 100 ಅಥವಾ ಅದಕ್ಕೂ ಕೆಳಗಿದ್ದರೆ ತೀವ್ರ. ವಾರ್ಡಿನಲ್ಲಿ ಇದನ್ನು ಪಿಎಫ್ ರೇಶಿಯೋ ಅಂತಾರೆ. ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಡೆಕ್ಸಾ ವೈರಸ್ಸನ್ನು ಕೊಲ್ಲುವುದಿಲ್ಲ. ಆ ಹುಡುಕಾಟ ನಿಲ್ಲಿಸುತ್ತದೆ, ಅಷ್ಟೇ. ಹಾಗಾಗಿ ಯಾವ ದಿನ ಕೊಡುತ್ತೇವೆ, ಪೇಷೆಂಟಿಗೆ ಆಕ್ಸಿಜನ್ ಬೇಕಾಗಿದೆಯೋ ಇಲ್ಲವೋ, ಎಷ್ಟು ಕೊಡುತ್ತೇವೆ, ಎಲ್ಲ ಇದರ ಮೇಲೆ ನಿಂತಿದೆ. ನಿಮ್ಮ ತಂದೆ ಏಳು ದಿನ ದಾಟಿದ್ದಾರೆ, ಆಕ್ಸಿಜನ್ ಮೇಲಿದ್ದಾರೆ, ಡೋಸ್ 6 ಮಿ.ಗ್ರಾಂ. ಔಷಧಿಗೆ ಸಾಕ್ಷಿ ಇರುವುದು ಸರಿಯಾಗಿ ಇಂಥವರಲ್ಲೇ.

ಅನುಮಾನದ ಪ್ರಾಣಿ · ಮಂಗಳವಾರ, ಬೆಳಿಗ್ಗೆ 9:05

ಡಾಕ್ಟ್ರೇ, ಕಥೆ ಚೆನ್ನಾಗಿದೆ. ಆದರೆ ಕಥೆ ಚೆನ್ನಾಗಿದೆ ಅಂತ ಔಷಧಿ ಕೆಲಸ ಮಾಡುವುದಿಲ್ಲವಲ್ಲ. ಇದೇ ಕಥೆ 2003ರಲ್ಲಿ ಕೋವಿಡ್ ವೈರಸ್ಸಿನದೇ ಜಾತಿಯ ಸಾರ್ಸ್ ಬಂದಾಗಲೂ ಹೇಳಿದ್ದರು. ರಾಶಿ ರಾಶಿ ಸ್ಟೆರಾಯ್ಡ್ ಕೊಟ್ಟರು. ಬದುಕಿದವರಲ್ಲಿ ಎಷ್ಟೋ ಜನರ ಸೊಂಟದ ಮೂಳೆ ಸತ್ತುಹೋಯಿತು. ಅದೇ ಜಾತಿಯ ಮರ್ಸ್ ಬಂದಾಗ ನೋಡಿದರೆ ಸ್ಟೆರಾಯ್ಡ್ ತಗೊಂಡವರಲ್ಲಿ ವೈರಸ್ ಹೋಗುವುದೇ ತಡವಾಯಿತು. ಎಆರ್‌ಡಿಎಸ್‌ಗೆ ಎರಡು ವಾರ ಕಳೆದ ಮೇಲೆ ಸ್ಟೆರಾಯ್ಡ್ ಶುರು ಮಾಡಿದರೆ ಸಾವು ಜಾಸ್ತಿ ಅಂತ ಅಮೆರಿಕದ 2006ರ ಪ್ರಯೋಗ ತೋರಿಸಿತು. ಅಂದಮೇಲೆ ಚಿಕ್ಕಪ್ಪನಿಗೆ ಭಯ ಇರುವುದರಲ್ಲಿ ತಪ್ಪೇನು?

ಅಂಕಿ ಅಂಶ · ಮಂಗಳವಾರ, ಬೆಳಿಗ್ಗೆ 10:30

@ಅನುಮಾನದ ಪ್ರಾಣಿ, ಮೂರೂ ಸರಿಯಾದ ಮಾತು. ಅದಕ್ಕೇ ಬ್ರಿಟನ್ನಿನಲ್ಲಿ ರಿಕವರಿ ಅನ್ನುವ ಪ್ರಯೋಗ ಮಾಡಿದ್ದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿತು, 2020ರ ಮಾರ್ಚ್‌ನಲ್ಲಿ ಶುರು. ಯಾರಿಗೆ ಡೆಕ್ಸಾ, ಯಾರಿಗೆ ಮಾಮೂಲಿ ಚಿಕಿತ್ಸೆ ಅನ್ನುವುದನ್ನು ಡಾಕ್ಟರ್ ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಿತು. 2,104 ಜನರಿಗೆ ಡೆಕ್ಸಾ, 4,321 ಜನರಿಗೆ ಮಾಮೂಲಿ. ದಿನಕ್ಕೆ 6 ಮಿ.ಗ್ರಾಂ, ಹೆಚ್ಚೆಂದರೆ ಹತ್ತು ದಿನ. ಜೂನ್ 16ಕ್ಕೆ ಫಲಿತಾಂಶ ಹೇಳಿಯೇಬಿಟ್ಟರು.

28 ದಿನದೊಳಗಿನ ಸಾವು ಹೀಗಿತ್ತು. ವೆಂಟಿಲೇಟರ್ ಮೇಲಿದ್ದವರಲ್ಲಿ ಮಾಮೂಲಿ ಚಿಕಿತ್ಸೆಗೆ ನೂರಕ್ಕೆ 41.4, ಡೆಕ್ಸಾಕ್ಕೆ 29.3. ವೆಂಟಿಲೇಟರ್ ಇಲ್ಲದೆ ಆಕ್ಸಿಜನ್ ಮೇಲಿದ್ದವರಲ್ಲಿ 26.2 ಇದ್ದದ್ದು 23.3. ಆಕ್ಸಿಜನ್ನೇ ಬೇಡವಾಗಿದ್ದವರಲ್ಲಿ? 14.0 ಇದ್ದದ್ದು 17.8. ಉಲ್ಟಾ! ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಲೆಕ್ಕದ ಪ್ರಕಾರ ಖಚಿತವಲ್ಲ. ಆದರೆ ಲಾಭವಂತೂ ಇಲ್ಲ.

ನನಗೆ ಇದರಲ್ಲಿ ಬೆರಗು ಅನ್ನಿಸಿದ್ದು ಮೂರು ಸಾಲು ಒಂದರ ಕೆಳಗೊಂದು ಇಳಿಯುವ ರೀತಿ. ಶ್ವಾಸಕೋಶ ಎಷ್ಟು ಕೆಟ್ಟಿದೆಯೋ ಅಷ್ಟು ಉಪಯೋಗ. ಕೆಡದವರಿಗೆ ಉಪಯೋಗವಿಲ್ಲ. ಔಷಧಿಯೊಂದೇ, ಡೋಸೂ ಒಂದೇ. ಆಮೇಲೆ ಏಳು ಪ್ರಯೋಗಗಳ 1,703 ಗಂಭೀರ ರೋಗಿಗಳನ್ನು ಒಟ್ಟುಹಾಕಿ ನೋಡಿದಾಗಲೂ ಸಾವು ಕಡಿಮೆಯೇ ಆಗಿತ್ತು. 2020ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾತು ಬದಲಿಸಿತು. ಗಂಭೀರವಾದವರಿಗೆ ಕೊಡಿ, ಗಂಭೀರವಲ್ಲದವರಿಗೆ ಬೇಡ ಅಂತ.

ಖಾಲಿ ಕುರ್ಚಿ · ಮಂಗಳವಾರ, ಮಧ್ಯಾಹ್ನ 1:15

ನಮ್ಮ ಅಣ್ಣನಿಗೂ ಡೆಕ್ಸಾ ಕೊಟ್ಟಿದ್ದರು. ಸರಿಯಾದ ದಿನಕ್ಕೆ, ಸರಿಯಾದ ಡೋಸು. ಉಳಿಯಲಿಲ್ಲ. ಆ 29.3ರಲ್ಲಿ ಅವನಿದ್ದಾನೆ. ಬೇರೇನೂ ಹೇಳುವುದಕ್ಕಿಲ್ಲ. ಅಂಕಿ ಬರೆಯುವಾಗ ಸ್ವಲ್ಪ ನಿಧಾನ ಮಾಡಿ.

ಅಂಕಿ ಅಂಶ · ಮಂಗಳವಾರ, ಮಧ್ಯಾಹ್ನ 1:40

ಕ್ಷಮಿಸಿ. ಆ ಆಶ್ಚರ್ಯಸೂಚಕ ಚಿಹ್ನೆ ಹಾಕಬಾರದಿತ್ತು.

ಎರಡನೇ ದಿನದ ತಪ್ಪು · ಮಂಗಳವಾರ, ಸಂಜೆ 7:10

ನನ್ನದೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಜ್ವರ ಬಂದ ಎರಡನೇ ದಿನವೇ ವಾಟ್ಸಾಪಿನಲ್ಲಿ ಬಂದ ಚೀಟಿ ನೋಡಿ ಸ್ಟೆರಾಯ್ಡ್ ಮಾತ್ರೆ ನುಂಗಿದೆ. ಆಕ್ಸಿಜನ್ 97 ಇತ್ತು. ನುಂಗಿದ ದಿನ ಸ್ವರ್ಗ! ಜ್ವರ ಮಾಯ, ಮೈನೋವು ಮಾಯ. ವಾಸಿಯಾಯಿತು ಅಂದುಕೊಂಡು ಎದ್ದು ಓಡಾಡಿದೆ. ಆರನೇ ದಿನ ಆಕ್ಸಿಜನ್ 88. ಜ್ವರವೇ ಇರಲಿಲ್ಲವಾದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಾತ್ರೆ ನುಂಗದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಹೇಳುವುದಿಲ್ಲ, ಆಗುತ್ತಿತ್ತೋ ಏನೋ. ಆದರೆ ಎರಡು ದಿನ ತಡವಾಗಿ ಆಸ್ಪತ್ರೆಗೆ ಹೋದೆ. ಅದಂತೂ ಮಾತ್ರೆಯದೇ ಕೆಲಸ.

ಎದೆಗೂಡು · ಮಂಗಳವಾರ, ರಾತ್ರಿ 9:30

@ಎರಡನೇ ದಿನದ ತಪ್ಪು, ಇದನ್ನು ಬರೆದದ್ದು ಒಳ್ಳೆಯದಾಯಿತು. ಸ್ಟೆರಾಯ್ಡ್ ಮಾಡುವ ಮೋಸವೇ ಇದು. ಜ್ವರವನ್ನು ಅಡಗಿಸಿ ರೋಗ ಹೋದ ಹಾಗೆ ತೋರಿಸುತ್ತದೆ. ಆಸ್ಪತ್ರೆಯೊಳಗೂ ಇದೇ ತೊಂದರೆ. ಮೇಲೊಂದು ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡರೂ ಜ್ವರ ಬಾರದೇ ಇರಬಹುದು. ಸಿಆರ್‌ಪಿ ಅನ್ನುವ ಉರಿಯೂತದ ರಕ್ತಪರೀಕ್ಷೆ ಕೂಡ ಇಳಿದೇ ಇರಬಹುದು. ಬಿಳಿ ರಕ್ತಕಣ ಏರಿದರೆ ಅದು ಸೋಂಕಿನಿಂದಲೋ ಸ್ಟೆರಾಯ್ಡಿನಿಂದಲೋ ಹೇಳುವುದು ಕಷ್ಟ. ಕಫದ ಬಣ್ಣ, ಎಕ್ಸ್‌ರೇ, ಬಿಪಿ ಎಲ್ಲ ಸೇರಿಸಿ ಊಹಿಸಬೇಕಾಗುತ್ತದೆ.

ಅಮ್ಮನ ಫ್ಲೂ · ಬುಧವಾರ, ಬೆಳಿಗ್ಗೆ 8:00

ಇದನ್ನೆಲ್ಲ ಓದಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಕಳೆದ ವರ್ಷ ಅಮ್ಮನಿಗೆ ಇನ್‌ಫ್ಲುಯೆಂಜಾ ನ್ಯುಮೋನಿಯಾ ಆಗಿತ್ತು. ಅವರೂ ಆಕ್ಸಿಜನ್ ಮೇಲಿದ್ದರು. ಡಾಕ್ಟರ್ ಒಸೆಲ್ಟಮಿವಿರ್ ಅನ್ನುವ ಫ್ಲೂ ವೈರಸ್ಸಿನ ಔಷಧಿ ಕೊಟ್ಟರು, ಸ್ಟೆರಾಯ್ಡ್ ಕೊಡಲಿಲ್ಲ. ನಾನೇ ಕೇಳಿದಾಗಲೂ ಬೇಡ ಅಂದರು. ಅಮ್ಮ ಹುಷಾರಾದರು, ಆದರೆ ಇಪ್ಪತ್ತು ದಿನ ನರಳಿದರು. ಕೊಡಬೇಕಿತ್ತಾ?

ಎದೆಗೂಡು · ಬುಧವಾರ, ಬೆಳಿಗ್ಗೆ 8:45

ಇಲ್ಲಮ್ಮಾ, ನಿಮ್ಮ ಡಾಕ್ಟರ್ ಸರಿಯಾಗೇ ಮಾಡಿದ್ದಾರೆ. ವೈರಲ್ ನ್ಯುಮೋನಿಯಾ ಅಂತ ಒಂದೇ ಹೆಸರು ಇಟ್ಟಿದ್ದೇವೆ, ಆದರೆ ಎಲ್ಲ ವೈರಸ್ಸಿಗೂ ಒಂದೇ ನಿಯಮ ಇಲ್ಲ. ಇನ್‌ಫ್ಲುಯೆಂಜಾದಲ್ಲಿ ಸ್ಟೆರಾಯ್ಡ್ ತಗೊಂಡವರಲ್ಲಿ ಸಾವು ಹೆಚ್ಚಿತ್ತು ಅಂತ ಹಿಂದಿನ ಹಲವು ವರದಿಗಳು ಹೇಳುತ್ತವೆ. ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2018ರ ಮಾರ್ಗಸೂಚಿಯೂ ಬೇರೆ ಕಾರಣವಿಲ್ಲದಿದ್ದರೆ ಕೊಡಬೇಡಿ ಅನ್ನುತ್ತದೆ. ಬೇರೆ ಕಾರಣ ಅಂದರೆ ಆಸ್ತಮಾ ಅಥವಾ ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಕೆರಳುವುದು, ಔಷಧಿ ಕೊಟ್ಟರೂ ಏರದ ಬಿಪಿ, ಇಂಥವು.

ಅನುಮಾನದ ಪ್ರಾಣಿ · ಬುಧವಾರ, ಬೆಳಿಗ್ಗೆ 9:20

ತಡೀರಿ. ಆ ವರದಿಗಳಲ್ಲಿ ಚೀಟಿ ಎತ್ತಿರಲಿಲ್ಲ ಅಲ್ವಾ? ಡಾಕ್ಟರುಗಳು ತೀರಾ ಕೆಟ್ಟಿದ್ದವರಿಗೇ ಸ್ಟೆರಾಯ್ಡ್ ಕೊಟ್ಟಿರುತ್ತಾರೆ. ಅವರು ಹೇಗಿದ್ದರೂ ಸಾಯುವವರು. ಅಪರಾಧ ಔಷಧಿಯ ಮೇಲೆ ಬಂತು.

ಎದೆಗೂಡು · ಬುಧವಾರ, ಬೆಳಿಗ್ಗೆ 9:50

ಒಪ್ಪಿದೆ. ಆ ದೋಷ ಇದ್ದೇ ಇದೆ. ನಾನು ಹೇಳಿದ್ದು ಇಷ್ಟೇ, ಕೋವಿಡ್‌ನಲ್ಲಿ ಸಿಕ್ಕಂಥ ಗಟ್ಟಿ ಸಾಕ್ಷಿ ಇಲ್ಲದೆ, ಹಾನಿಯ ಸುಳಿವು ಇರುವಾಗ, ಮಾಮೂಲಾಗಿ ಕೊಡುವುದಿಲ್ಲ. 2023ರಲ್ಲಿ ಫ್ರಾನ್ಸಿನಿಂದ ತೀವ್ರ ನ್ಯುಮೋನಿಯಾಕ್ಕೆ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೆರಾಯ್ಡ್ ಕೊಟ್ಟ ಪ್ರಯೋಗ ಬಂತು. ಸಾವು ನೂರಕ್ಕೆ 11.9 ಇದ್ದದ್ದು 6.2ಕ್ಕೆ ಇಳಿಯಿತು. ಎಲ್ಲರೂ ಅದನ್ನು ತೋರಿಸುತ್ತಾರೆ. ಆದರೆ ಆ ಪ್ರಯೋಗದಿಂದ ಇನ್‌ಫ್ಲುಯೆಂಜಾ ರೋಗಿಗಳನ್ನು ಹೊರಗಿಟ್ಟಿದ್ದರು. ಅದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಕಾರಣ, ಆಸ್ಪರ್ಜಿಲ್ಲಸ್ ಅನ್ನುವ ಬೂಷ್ಟು. ನೆದರ್ಲೆಂಡ್ಸ್, ಬೆಲ್ಜಿಯಂ ಐಸಿಯುಗಳಲ್ಲಿದ್ದ ತೀವ್ರ ಫ್ಲೂ ರೋಗಿಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರ ಶ್ವಾಸಕೋಶದಲ್ಲಿ ಅದು ಬೆಳೆದಿತ್ತು. ಮೊದಲೇ ಸ್ಟೆರಾಯ್ಡ್ ತಗೊಂಡವರಲ್ಲಿ ಜಾಸ್ತಿ.

ನಿದ್ದೆಗೆಟ್ಟ ಮಗಳು · ಗುರುವಾರ, ಸಂಜೆ 5:25

ಎಲ್ಲರಿಗೂ ಉತ್ತರ ಬರೆಯಲು ಆಗಿಲ್ಲ. ನಿನ್ನೆವರೆಗೆ ಚೆನ್ನಾಗಿತ್ತು. ಕೊಡುವ ಆಕ್ಸಿಜನ್ 70 ಪರ್ಸೆಂಟಿನಿಂದ 55ಕ್ಕೆ ಇಳಿಸಿದ್ದರು. ಇವತ್ತು ಮಧ್ಯಾಹ್ನ ಕೆಮ್ಮು ಜೋರಾಯಿತಂತೆ, ಇದ್ದಕ್ಕಿದ್ದ ಹಾಗೆ ಎದೆನೋವು, ಆಕ್ಸಿಮೀಟರಿನಲ್ಲಿ 80ಕ್ಕೆ ಬಿತ್ತಂತೆ. ಈಗ ಕೊಡುವ ಆಕ್ಸಿಜನ್ 80 ಪರ್ಸೆಂಟಿಗೆ ಏರಿಸಿದ್ದಾರೆ. ಸಿಟಿಗೆ ಕರೆದುಕೊಂಡು ಹೋಗಿದ್ದಾರೆ. ಡೆಕ್ಸಾ ಫೇಲಾಯಿತಾ? ಡೋಸ್ ಜಾಸ್ತಿ ಮಾಡಿ ಅಂತ ಕೇಳಬೇಕಾ? ಚಿಕ್ಕಪ್ಪ ಈಗ ಅದನ್ನೇ ಹೇಳುತ್ತಿದ್ದಾರೆ. ಮೊನ್ನೆ ವಿಷ ಅಂದವರು!

ರಾತ್ರಿ ಪಾಳಿ · ಗುರುವಾರ, ಸಂಜೆ 5:40

ಮಗಳೇ, ಉಸಿರು ತಗೊಳ್ಳಿ. ಚೆನ್ನಾಗಿದ್ದವರು ಹೀಗೆ ಏಕಾಏಕಿ ಬಿದ್ದರೆ ನಾವು ಮೊದಲು ನೋಡುವುದು ಪೈಪು ಕಳಚಿದೆಯಾ ಅಂತ. ನಗಬೇಡಿ, ಎಷ್ಟೋ ಸಲ ಅದೇ. ಆಮೇಲೆ ಶ್ವಾಸಕೋಶದ ಹೊರಗೆ ಗಾಳಿ ಸೇರಿದೆಯಾ, ಅಂದರೆ ನ್ಯುಮೋಥೊರಾಕ್ಸ್. ಆಮೇಲೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು. ಹೊಸ ಸೋಂಕು. ಹೃದಯ. ಸಿಟಿಗೆ ಕಳಿಸಿದ್ದಾರೆ ಅಂದರೆ ಸರಿಯಾದ ದಾರಿಯಲ್ಲೇ ಹುಡುಕುತ್ತಿದ್ದಾರೆ. ಇದು ಸ್ಟೆರಾಯ್ಡ್ ಡೋಸಿನ ಪ್ರಶ್ನೆ ಅಲ್ಲವೇ ಅಲ್ಲ ಅನ್ನಿಸುತ್ತದೆ.

ನಿದ್ದೆಗೆಟ್ಟ ಮಗಳು · ಗುರುವಾರ, ರಾತ್ರಿ 9:55

ಹೆಪ್ಪು ಇಲ್ಲ. ಎರಡು ಶ್ವಾಸಕೋಶಗಳ ನಡುವೆ, ಹೃದಯದ ಸುತ್ತಮುತ್ತ ಗಾಳಿ ಸೇರಿದೆಯಂತೆ. ನ್ಯುಮೋಮೀಡಿಯಾಸ್ಟಿನಮ್ ಅಂತ ಬರೆದುಕೊಟ್ಟರು. ಕುತ್ತಿಗೆ ಊದಿಕೊಂಡಿದೆ. ಮುಟ್ಟಿದರೆ ಚರ್ಮದ ಕೆಳಗೆ ಚರಚರ ಅನ್ನುತ್ತದೆ. ಟ್ಯೂಬ್ ಹಾಕುವುದಿಲ್ಲ, ಕಾದು ನೋಡುತ್ತೇವೆ ಅಂದರು. ವೆಂಟಿಲೇಟರೇ ಹಾಕಿಲ್ಲ, ಗಾಳಿ ಎಲ್ಲಿಂದ ಬಂತು?

ಎದೆಗೂಡು · ಗುರುವಾರ, ರಾತ್ರಿ 10:30

ಅವರದೇ ಉಸಿರಿನಿಂದ. ಉರಿಯೂತದಿಂದ ಗಾಳಿಚೀಲದ ಗೋಡೆ ಜೀರ್ಣವಾಗಿರುತ್ತದೆ. ಜೋರು ಕೆಮ್ಮು, ಆಳವಾಗಿ ಎಳೆಯುವ ಉಸಿರು, ಇಷ್ಟೇ ಸಾಕು ಅದು ಹರಿಯಲು. ಹೊರಬಂದ ಗಾಳಿ ರಕ್ತನಾಳದ ಪಕ್ಕದಲ್ಲೇ ತೆವಳಿ ಎದೆಯ ನಡುವಿಗೆ ಬರುತ್ತದೆ, ಅಲ್ಲಿಂದ ಕುತ್ತಿಗೆಗೆ. ನೋಡಲು ಭಯಂಕರ. ಒತ್ತಡ ಏರದಿದ್ದರೆ ಬಹಳಷ್ಟು ಸಲ ತಾನಾಗೇ ಇಂಗುತ್ತದೆ. ಎದೆಗೂಡಿನ ಗೋಡೆಗೂ ಶ್ವಾಸಕೋಶಕ್ಕೂ ನಡುವೆ ಗಾಳಿ ತುಂಬಿದರೆ ಮಾತ್ರ ಟ್ಯೂಬ್ ಹಾಕಬೇಕಾಗಬಹುದು. ಕೆಮ್ಮು ತಗ್ಗಿಸುವ ಔಷಧಿ ಕೊಟ್ಟಿರುತ್ತಾರೆ.

ವೆಂಟಿಲೇಟರ್ ಹಾಕುವುದನ್ನು ಇವರು ಮುಂದೂಡುತ್ತಿರುವುದಕ್ಕೂ ಇದೇ ಕಾರಣ ಇರಬಹುದು. ಹಾಕಬೇಕಾಗಿ ಬಂದರೂ ಹೆದರಬೇಡಿ. ಹಿಂದೆ ದೊಡ್ಡ ದೊಡ್ಡ ಉಸಿರು ತುಂಬುತ್ತಿದ್ದರು. 2000ದಲ್ಲಿ 861 ಜನರ ಮೇಲೆ ನಡೆದ ಪ್ರಯೋಗದಲ್ಲಿ ದೇಹದ ಲೆಕ್ಕಕ್ಕೆ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ. ಕೊಟ್ಟಾಗ ಸಾವು ನೂರಕ್ಕೆ 39.8ರಿಂದ 31ಕ್ಕೆ ಇಳಿಯಿತು. ಅಲ್ಲಿಂದ ಚಿಕ್ಕ ಉಸಿರೇ ನಿಯಮ. ಹೊಸ ಔಷಧಿ ಯಾವುದೂ ಇಲ್ಲ, ಮಷೀನಿನ ಗುಂಡಿ ತಿರುಗಿಸಿದ್ದಷ್ಟೇ. ನನಗೆ ವೈದ್ಯವಿಜ್ಞಾನದಲ್ಲಿ ಬಹಳ ಇಷ್ಟವಾದ ಫಲಿತಾಂಶ ಇದು.

ಅಂಕಿ ಅಂಶ · ಶುಕ್ರವಾರ, ಬೆಳಿಗ್ಗೆ 7:30

ಡೋಸ್ ಜಾಸ್ತಿ ಮಾಡುವ ಪ್ರಶ್ನೆಗೆ. (ಈ ಸಲ ನಿಧಾನವಾಗಿ ಬರೆಯುತ್ತೇನೆ.) 12 ಮಿ.ಗ್ರಾಂ ಮತ್ತು 6 ಮಿ.ಗ್ರಾಂ ಹೋಲಿಸಿ ಸಾವಿರ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ರಿಕವರಿಯವರು ಇನ್ನೂ ಮುಂದೆ ಹೋದರು. ಐದು ದಿನ 20 ಮಿ.ಗ್ರಾಂ, ಮುಂದಿನ ಐದು ದಿನ 10 ಮಿ.ಗ್ರಾಂ. ರಕ್ತದಲ್ಲಿ ಆಕ್ಸಿಜನ್ ಇಳಿದಿದ್ದರೂ ಆಕ್ಸಿಜನ್ ಹಾಕದಿದ್ದವರು, ಮಾಮೂಲಿ ಆಕ್ಸಿಜನ್ ಸಾಕಾದವರು ಇದ್ದ ಗುಂಪಿನಲ್ಲಿ ಸಾವು ನೂರಕ್ಕೆ 12 ಇದ್ದದ್ದು 19 ಆಯಿತು. ಆ ಗುಂಪಿನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. 2023ರಲ್ಲಿ ಪ್ರಕಟವಾಯಿತು.

@ಅನುಮಾನದ ಪ್ರಾಣಿ, ಸಾರ್ಸ್‌ನ ಮೂಳೆ ಕಥೆಗೂ ಒಂದು ಲೆಕ್ಕ ಮಾಡಿದೆ. ಡೆಕ್ಸಾ 6 ಮಿ.ಗ್ರಾಂ ಅಂದರೆ ಮೀಥೈಲ್‌ಪ್ರೆಡ್ನಿಸೋಲೋನ್ ಅನ್ನುವ ಇನ್ನೊಂದು ಸ್ಟೆರಾಯ್ಡಿನ ಸುಮಾರು 32 ಮಿ.ಗ್ರಾಂಗೆ ಸಮ. ಹತ್ತು ದಿನಕ್ಕೆ 320. ಆಗ ಕೆಲವರಿಗೆ ಒಂದೊಂದು ದಿನಕ್ಕೇ 500 ಮಿ.ಗ್ರಾಂ ಪಲ್ಸ್ (ಒಮ್ಮೆಗೇ ದೊಡ್ಡ ಡೋಸು) ಕೊಡುತ್ತಿದ್ದರು, ಅದೂ ದಿನಗಟ್ಟಲೆ. ಈಗಿನ ಇಡೀ ಕೋರ್ಸು ಆಗಿನ ಒಂದು ದಿನಕ್ಕೂ ಸಮವಿಲ್ಲ.

ಅನುಮಾನದ ಪ್ರಾಣಿ · ಶುಕ್ರವಾರ, ಬೆಳಿಗ್ಗೆ 8:10

ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ನಾನು ಎರಡಕ್ಕೂ "ಸ್ಟೆರಾಯ್ಡ್" ಅಂತ ಒಂದೇ ಹಣೆಪಟ್ಟಿ ಅಂಟಿಸಿದ್ದೆ. ಸರಿ. ಆದರೆ ಬ್ಲಾಕ್ ಫಂಗಸ್? 2021ರಲ್ಲಿ ಭಾರತದಲ್ಲಿ ಆದದ್ದು ಕಡಿಮೆ ಡೋಸಿನಿಂದಲೇ ಅಲ್ವಾ? ಇವರ ತಂದೆಗೆ ಸಕ್ಕರೆ ಬೇರೆ ಇದೆ.

ರಾತ್ರಿ ಪಾಳಿ · ಶುಕ್ರವಾರ, ಬೆಳಿಗ್ಗೆ 8:30

ಎಲ್ಲಿ ಕಡಿಮೆ ಡೋಸು? ಅದರಲ್ಲಿ ಎಷ್ಟೋ ಜನ ಬೇಕಾದ್ದಕ್ಕಿಂತ ಜಾಸ್ತಿ ತಗೊಂಡವರು, ಆಕ್ಸಿಜನ್ ಬೇಡದೇ ಇದ್ದಾಗ ತಗೊಂಡವರು, ವಾರಗಟ್ಟಲೆ ಮುಂದುವರಿಸಿದವರು. ಅವರಲ್ಲಿ ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಜೂನ್ ಕೊನೆಯ ಹೊತ್ತಿಗೆ ಸರಕಾರದ ಲೆಕ್ಕವೇ 40 ಸಾವಿರ ದಾಟಿತ್ತು. ಸಕ್ಕರೆ ಏರಿದ ರಕ್ತ ಆ ಬೂಷ್ಟಿಗೆ ಹಬ್ಬ, ಸ್ಟೆರಾಯ್ಡ್ ಕಾವಲುಗಾರನನ್ನು ಮಲಗಿಸುತ್ತದೆ. ಎರಡೂ ಸೇರಿದರೆ ಕೇಳಬೇಕಾ? ಅದಕ್ಕೇ ಮೊದಲ ದಿನವೇ ಸಕ್ಕರೆ ಬಗ್ಗೆ ಅಷ್ಟು ಬರೆದದ್ದು.

ಮಗಳೇ, ಮನೆಗೆ ಬಂದ ಮೇಲೂ ಕೆಲವು ವಾರ ಕಣ್ಣಿಡಿ. ಒಂದೇ ಕಡೆ ಮೂಗು ಕಟ್ಟುವುದು, ಕಪ್ಪು ಅಥವಾ ರಕ್ತ ಬೆರೆತ ಸಿಂಬಳ, ಒಂದು ಕಡೆ ಕೆನ್ನೆ ನೋವು ಅಥವಾ ಜೋಮು, ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಹಲ್ಲು ಅಲ್ಲಾಡುವುದು. ಇದರಲ್ಲಿ ಒಂದು ಕಂಡರೂ ಅದೇ ದಿನ ಇಎನ್‌ಟಿ ಡಾಕ್ಟರ್. ನಾಳೆ ನೋಡೋಣ ಅನ್ನಬೇಡಿ.

ನಿದ್ದೆಗೆಟ್ಟ ಮಗಳು · ಭಾನುವಾರ, ರಾತ್ರಿ 8:00

ಕುತ್ತಿಗೆಯ ಊತ ಅರ್ಧ ಇಳಿದಿದೆ. ಆಕ್ಸಿಜನ್ 50 ಪರ್ಸೆಂಟ್. ಎದೆಯಲ್ಲಿ ಗಾಳಿ ಸೇರಿದ್ದಕ್ಕೆ ಎರಡು ದಿನ ನಿಲ್ಲಿಸಿದ್ದ ಬೋರಲು ಮಲಗುವುದನ್ನು ಮತ್ತೆ ಶುರು ಮಾಡಿದ್ದಾರೆ. ಅಪ್ಪ ಅದಕ್ಕೆ ಬೈಯುತ್ತಾರೆ. ಇನ್ನೊಂದು ವಿಷಯ. ಅವರು ರಾತ್ರಿಯಿಡೀ ನಿದ್ದೆ ಮಾಡುತ್ತಿಲ್ಲ, ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂತ ನರ್ಸಿಗೆ ತೋರಿಸುತ್ತಿದ್ದಾರಂತೆ. ನನ್ನನ್ನು ನೋಡಿ "ಇವರೆಲ್ಲ ಸೇರಿ ನನ್ನನ್ನು ಕಟ್ಟಿಹಾಕಿದ್ದಾರೆ" ಅಂತ ಅತ್ತರು. ನನ್ನ ಅಪ್ಪ ಅತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಹಳೇ ಪೇಷೆಂಟ್ · ಭಾನುವಾರ, ರಾತ್ರಿ 9:10

ನಾನು ಇಲ್ಲಿ ಬರೆಯುವವನಲ್ಲ, ಬರೀ ಓದುವವನು. ಈ ಒಂದಕ್ಕೆ ಬರೆಯುತ್ತಿದ್ದೇನೆ. ನನಗೆ ಇರುವೆ ಅಲ್ಲ, ಚಾವಣಿಯಿಂದ ನೀರು ಸೋರುವುದು ಕಾಣುತ್ತಿತ್ತು. ನೆಲ ಒದ್ದೆಯಾಗುತ್ತಿದೆ ಒರೆಸಿ ಅಂತ ಎಲ್ಲರಿಗೂ ಕೂಗುತ್ತಿದ್ದೆ. ಐಸಿಯುನಲ್ಲಿ ಹಗಲು ರಾತ್ರಿ ಗೊತ್ತಾಗುವುದಿಲ್ಲ, ಆಕ್ಸಿಜನ್ ಕಡಿಮೆ, ಮೇಲೆ ಸ್ಟೆರಾಯ್ಡ್. ತಲೆ ಕೆಡದೆ ಏನಾಗುತ್ತದೆ? ಸ್ಟೆರಾಯ್ಡ್ ನಿಂತ ನಾಲ್ಕೈದು ದಿನಕ್ಕೆ ನೀರು ನಿಂತಿತು. ಅವರ ಜೊತೆ ಇರುವೆ ಇಲ್ಲ ಅಂತ ವಾದ ಮಾಡಬೇಡಿ. ಅವರ ಕನ್ನಡಕ, ಗಡಿಯಾರ ಕೊಡಿಸಿ. ಇವತ್ತು ಯಾವ ವಾರ ಅಂತ ಹೇಳಿ. ಕೈ ಹಿಡಿದು ಕೂತುಕೊಳ್ಳಿ.

ರಾತ್ರಿ ಪಾಳಿ · ಭಾನುವಾರ, ರಾತ್ರಿ 11:00

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದು ಸೇರಿಸುತ್ತೇನೆ. ಡೆಕ್ಸಾ ಯಾವ ಹೊತ್ತಿಗೆ ಕೊಡುತ್ತಾರೆ ಕೇಳಿ. ರಾತ್ರಿ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಲು ಆಗುತ್ತದಾ ವಿಚಾರಿಸಿ. ನಿದ್ದೆಗೆ ಸ್ವಲ್ಪವಾದರೂ ಅನುಕೂಲ.

ನಿದ್ದೆಗೆಟ್ಟ ಮಗಳು · ಮೂರು ವಾರದ ನಂತರ

ಅಪ್ಪ ಮನೆಗೆ ಬಂದಿದ್ದಾರೆ! ಡೆಕ್ಸಾ ಹತ್ತು ದಿನಕ್ಕೆ ನಿಂತಿತು. ಆದರೆ ಓಡಾಡಿದರೆ ಈಗಲೂ 87ಕ್ಕೆ ಇಳಿಯುತ್ತದೆ. ಕಾನ್ಸಂಟ್ರೇಟರಿನಿಂದ 2 ಲೀಟರ್ ಆಕ್ಸಿಜನ್. ಹೊಸ ಸಿಟಿಯಲ್ಲಿ ಆರ್ಗನೈಸಿಂಗ್ ನ್ಯುಮೋನಿಯಾ ಇದೆಯಂತೆ. ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ 10 ಮಿ.ಗ್ರಾಂ ಮಾತ್ರೆ ಬರೆದಿದ್ದಾರೆ, ಆರು ವಾರ. ಪಕ್ಕದ ಬೆಡ್ಡಿನಲ್ಲಿದ್ದವರಿಗೆ 40 ಬರೆದಿದ್ದರು. ನಮಗೆ ಯಾಕೆ ಕಡಿಮೆ? ಇದು ಫೈಬ್ರೋಸಿಸ್ಸಾ?

ಎದೆಗೂಡು · ಅದೇ ದಿನ

ಬಹಳ ಸಂತೋಷ. ಫೈಬ್ರೋಸಿಸ್ ಅಂದರೆ ಮಾಸಿದ ಗಾಯದ ಕಲೆ, ಗಟ್ಟಿಯಾದದ್ದು. ಆರ್ಗನೈಸಿಂಗ್ ನ್ಯುಮೋನಿಯಾ ಅಂದರೆ ಇನ್ನೂ ಹಸಿಯಾಗಿರುವ ದುರಸ್ತಿ ಕೆಲಸ. ಚೀಲಗಳೊಳಗೆ ಹೊಸ ಅಂಗಾಂಶದ ಮೊಳಕೆಗಳು ತುಂಬಿಕೊಂಡಿರುತ್ತವೆ. ಇದು ಕರಗುತ್ತದೆ, ಸ್ಟೆರಾಯ್ಡಿಗೆ ಸಾಮಾನ್ಯವಾಗಿ ಒಲಿಯುತ್ತದೆ. ಇಲ್ಲಿ ಸ್ಟೆರಾಯ್ಡಿನ ಕೆಲಸವೂ ಬೇರೆ, ಕಾಲವೂ ಬೇರೆ. ಐಸಿಯುನಲ್ಲಿ ಕೊಟ್ಟದ್ದರ ಮುಂದುವರಿಕೆ ಅಂದುಕೊಳ್ಳಬೇಡಿ.

10 ಸಾಕಾ 40 ಬೇಕಾ ಅನ್ನುವುದಕ್ಕೆ ಚಂಡೀಗಢದಲ್ಲಿ ಪ್ರಯೋಗವೇ ಆಗಿದೆ. ಕೋವಿಡ್ ನಂತರ ಶ್ವಾಸಕೋಶ ಸರಿಹೋಗದೆ ಉಸಿರಾಟದ ತೊಂದರೆ ಉಳಿದಿದ್ದ 130 ಜನ. ಅರ್ಧ ಜನಕ್ಕೆ 40ರಿಂದ ಶುರು, ಅರ್ಧ ಜನಕ್ಕೆ 10. ಆರು ವಾರ. 40 ಕೊಟ್ಟದ್ದರಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಸಕ್ಕರೆ ಇರುವವರಿಗೆ 10 ಬರೆದದ್ದು ನನಗೂ ಹಿಡಿಸಿತು.

ಒಂದೇ ಎಚ್ಚರಿಕೆ. ಡೆಕ್ಸಾವನ್ನು ಹತ್ತು ದಿನಕ್ಕೆ ಸೀದಾ ನಿಲ್ಲಿಸಬಹುದಿತ್ತು. ಆರು ವಾರ ನುಂಗಿದ ಮಾತ್ರೆಯನ್ನು ನೀವೇ ಏಕಾಏಕಿ ನಿಲ್ಲಿಸಬೇಡಿ. ಮೂರು ವಾರ ದಾಟಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಕೂತಿರಬಹುದು. ಸುಸ್ತು, ವಾಂತಿ, ಬಿಪಿ ಇಳಿಯುವುದು ಕಂಡರೆ ತಕ್ಷಣ ತಿಳಿಸಿ.

ನಿದ್ದೆಗೆಟ್ಟ ಮಗಳು · ಮೂರು ತಿಂಗಳ ನಂತರ

ಈ ಎಳೆಯನ್ನು ಹುಡುಕಿಕೊಂಡು ಬಂದೆ. ಆಕ್ಸಿಜನ್ ಬಿಟ್ಟು ಐದು ವಾರ ಆಯಿತು. ಕೂತಾಗ 96, ನಡೆದರೆ 93. ಮಾತ್ರೆ ಮುಗಿದಿದೆ. ಸಕ್ಕರೆ ಹಳೇ ಮಾತ್ರೆಗೇ ಬಂದಿದೆ. ತೊಡೆ ಮಾತ್ರ ಕಡ್ಡಿಯಾಗಿದೆ. ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತಿರಲಿಲ್ಲ, ಈಗ ದಿನಕ್ಕೆ ಮೂವತ್ತು ಸಲ ಎದ್ದು ಕೂರುವುದೇ ಫಿಸಿಯೋ ಹೇಳಿದ ವ್ಯಾಯಾಮ. ಎಣಿಸುವವರು ಚಿಕ್ಕಪ್ಪ. ಇಪ್ಪತ್ತೆಂಟಕ್ಕೆ ಮೂವತ್ತು ಅಂತ ಹೇಳಿ ನಿಲ್ಲಿಸುತ್ತಾರೆ, ಅಪ್ಪನಿಗೆ ಗೊತ್ತಾಗಿ ಜಗಳ.

ಅಂಕಿ ಅಂಶ · ಮೂರು ತಿಂಗಳ ನಂತರ

ಡಿಎಲ್‌ಸಿಒ, ಅಂದರೆ ಗಾಳಿಚೀಲದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಅನ್ನುವ ಪರೀಕ್ಷೆ ಮಾಡಿಸಿದಿರಾ? ಎಷ್ಟು ಬಂತು?

ನಿದ್ದೆಗೆಟ್ಟ ಮಗಳು · ಮೂರು ತಿಂಗಳ ನಂತರ

ನೀವು ಕೇಳಿಯೇ ಕೇಳುತ್ತೀರಿ ಅಂತ ಗೊತ್ತಿತ್ತು. ಮೊದಲ ಸಲ ನೂರಕ್ಕೆ 48, ಮೊನ್ನೆ 67.

ಖಾಲಿ ಕುರ್ಚಿ · ಮೂರು ತಿಂಗಳ ನಂತರ

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.